ಬೆಲೆ ಹೇಳುವ ಬಾಯಿ

ಸಂತೋಷವನ್ನು ಮುಖದಿಂದ ಒರೆಸಿಕೊಳ್ಳುವುದು ಹೇಗೆಂದು ಹೆರ್ಮಿನಿಯಾಳಿಗೆ ಬೆಳಗಿನಿಂದ ತಿಳಿಯುತ್ತಿರಲಿಲ್ಲ. ತುಟಿಗಳನ್ನು ಬಿಗಿಯಾಗಿ ಒತ್ತಿ ಹಿಡಿದರೆ ಅದು ಕೆನ್ನೆಗೆ ಹೋಗುತ್ತಿತ್ತು. ಕೆನ್ನೆಯನ್ನು ಒಳಕ್ಕೆಳೆದುಕೊಂಡರೆ ಕಣ್ಣಿಗೆ. ಕೊನೆಗೆ ಕಿಟಕಿಯ ಕಡೆ ತಿರುಗಿ ಕೂತು ಇಲೋಯಿಲೋ ಊರಿನ ಲಾ ಪಾಸ್ ಬಡಾವಣೆಯ ಮಾರುಕಟ್ಟೆ ಹಿಂದೆ ಸರಿಯುವುದನ್ನು ನೋಡತೊಡಗಿದಳು. ಕಂಪನಿಯ ಸಣ್ಣ ಗಾಡಿಯನ್ನು ಎಲ್ಲರೂ ಮನೋಂಗ್, ಅಣ್ಣ, ಎಂದು ಕರೆಯುವ ಪ್ಲಾಸಿದೋ ಓಡಿಸುತ್ತಿದ್ದರು. ಅವಳ ತೊಡೆಯ ಮೇಲಿನ ಕೈಚೀಲದೊಳಗೆ ಫೋನು, ಫೋನಿನೊಳಗೆ ನಿನ್ನೆ ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಜೀವ ಬಂದ ಲೆಕ್ಕದ ಹಾಳೆ. ಮಹಡಿ ಎಷ್ಟೆಂಬ ಚೌಕದಲ್ಲಿ ಎರಡು ಎಂದು ಬರೆದಿದ್ದಳು, ಕೆಳಗೆ ಒಟ್ಟು ಮೊತ್ತ ಬಂದು ನಿಂತಿತ್ತು. ಎರಡನ್ನು ಅಳಿಸಿ ಮೂರು ಮಾಡಿದಳು. ಕೆಳಗಿನ ಮೊತ್ತ, ಯಾರೂ ಮುಟ್ಟದೆ, ತಾನಾಗಿ ಬದಲಾಯಿತು. ಬಟ್ಟೆ ಒಣಹಾಕಿದ ಹಗ್ಗದ ಒಂದು ತುದಿ ಎಳೆದರೆ ಇನ್ನೊಂದು ತುದಿಯ ಅಂಗಿ ಅಲುಗಿದ ಹಾಗೆ. ಮತ್ತೆ ಎರಡು ಮಾಡಿದಳು, ಮತ್ತೆ ಮೂರು. ಹದಿನಾಲ್ಕು ಸಲ ಹಾಗೆ ಮಾಡಿ, ಆಮೇಲೆ ಆಫೀಸಿನಲ್ಲಿ ಯಾರಾದರೂ ನೋಡಿದರೇನೋ ಎಂದು ಕಳ್ಳಿಯಂತೆ ಸುತ್ತ ನೋಡಿದ್ದಳು. ಐವತ್ತೊಂದು ವರ್ಷದವಳು, ಮನೆ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕೈಯಲ್ಲಿ ಬಿಲ್ಲು ಬರೆಯುತ್ತ ಬಂದವಳು, ಹೈಸ್ಕೂಲಿನ ಬೀಜಗಣಿತದಲ್ಲಿ ಎರಡು ಸಲ ಫೇಲಾದವಳು. 'x ಯಾರು ಅಂತ ಗೊತ್ತಾಗೋವರೆಗೂ ಈ ಕಡೆ ತಿರುಗ್ಬೇಡ' ಎಂದು ಟೀಚರು ಅವಳನ್ನು ಕರಿಹಲಗೆಗೆ ಮುಖ ಮಾಡಿ ನಿಲ್ಲಿಸಿದ್ದರು. ಇಡೀ ಪೀರಿಯಡ್ಡು ಮೂಗಿನೊಳಗೆ ಸೀಮೆಸುಣ್ಣದ ಪುಡಿ, ಬೆನ್ನ ಮೇಲೆ ನಲವತ್ತು ಜೊತೆ ಕಣ್ಣು. ನಿನ್ನೆ ಸಂಜೆ ಅವಳು ತಿರುಗಿದ್ದಳು. x ಅಂದರೆ ಬೇರೆ ಯಾರೂ ಅಲ್ಲ, ನಾಳೆ ಯಾರದೋ ಮನೆಯಲ್ಲಿ ಎಣಿಸಬೇಕಾದ ಕಪಾಟು, ಅಷ್ಟೇ. ಇಷ್ಟು ಸಣ್ಣ ಸಂಗತಿಯನ್ನು ಅವರು ಯಾಕೆ ಹೇಳಲಿಲ್ಲ?

"ಏನೇ ಇಂದಾಯ್, ಹಲ್ಲುನೋವಾ?" ಪ್ಲಾಸಿದೋ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು. ಅವಳು ಕೆಲಸಕ್ಕೆ ಸೇರಿದ ದಿನದಿಂದಲೂ ಅವರಿಗೆ ಅವಳು ಇಂದಾಯ್, ಮನೆಯ ಕಿರಿಯ ಹೆಣ್ಣುಮಗಳು. "ಬೆಳಗಿಂದ ಮುಖಾನ ಗಂಟು ಹಾಕ್ಕೊಂಡೇ ಕೂತಿದೀಯಲ್ಲ."

"ಏನಿಲ್ಲ ಮನೋಂಗ್. ಬಿಸಿಲು."

"ಬಿಸಿಲು ನನ್ ಕಡೆ ಇದೆಯಲ್ಲೇ!"

ಆ ನಗುವೇ ಅವಳನ್ನು ಚುಚ್ಚಿದ್ದು. ಈ ಮನುಷ್ಯನಿಂದ ತಾನು ಏನನ್ನು ಕದ್ದಿದ್ದೇನೆಂದು ಅವರಿಗೆ ಗೊತ್ತಿದ್ದರೆ ಹೀಗೆ ನಗುತ್ತಿದ್ದರೇ? ಹತ್ತೊಂಬತ್ತು ವರ್ಷದಿಂದ ಪ್ಲಾಸಿದೋ ಇಲೋಯಿಲೋ ಊರಿನ ಮನೆಮನೆಗೆ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ಮನೆ ನಡೆದು, ಕೊನೆಗೆ ಬಾಗಿಲ ಹತ್ತಿರ ನಿಂತು ಒಂದು ಬೆಲೆ ಹೇಳುತ್ತಿದ್ದರು. ಆ ಬೆಲೆ ತಪ್ಪುತ್ತಿರಲಿಲ್ಲ. ಕಳೆದ ಮೂರು ತಿಂಗಳು ಹೆರ್ಮಿನಿಯಾ ನೋಟ್‌ಬುಕ್ಕು ಹಿಡಿದು ಅವರ ಹಿಂದೆ ಅಲೆದಿದ್ದಳು. ಫೈಲಿಗೆ ಬೇಕು ಎಂದು ಸುಳ್ಳು ಹೇಳಿದ್ದಳು. ಪಾಪ, ಅವರೋ ಧಾರಾಳವಾಗಿ ಹೇಳುತ್ತ ಹೋಗಿದ್ದರು: ಲಿಫ್ಟಿಲ್ಲದ ಮನೆಯಲ್ಲಿ ಎರಡನೇ ಮಹಡಿಗಿಂತ ಮೂರನೆಯದು ಒಂದೂವರೆ ಪಾಲು ಭಾರ, ಯಾಕೆಂದರೆ ಅಲ್ಲಿ ಆಳುಗಳು ನಡುವೆ ಒಮ್ಮೆ ಕೂರಲೇಬೇಕು. ಗಾಡಿ ನಿಲ್ಲುವ ಜಾಗ ಬಾಗಿಲಿನಿಂದ ಮೂವತ್ತು ಹೆಜ್ಜೆ ದಾಟಿದರೆ ಇನ್ನೊಬ್ಬ ಆಳು. ಪಿಯಾನೋ ಇದ್ದರೆ ನಾಲ್ಕು ಜನ ಹೊರಲಿಕ್ಕೆ, ಒಬ್ಬ ದೇವರನ್ನು ನೆನೆಯಲಿಕ್ಕೆ. ಅದನ್ನೆಲ್ಲ ಅವಳು ಬಿಸಿಬಿಸಿಯಾಗಿ ಬರೆದುಕೊಂಡು, ಹಾಳೆಯ ಒಂದೊಂದು ಚೌಕಕ್ಕೂ ಸೂತ್ರವಾಗಿ ಕೂರಿಸಿದ್ದಳು. ಈಗ ಸಾಮಾನಿನ ಪಟ್ಟಿ ತುಂಬಿದರೆ ಸಾಕು, ಬಿಲ್ಲು ತಾನಾಗಿ ಹುಟ್ಟಿ ಗಿರಾಕಿಯ ಫೋನಿಗೆ ಹೋಗುತ್ತದೆ. ಸೋಮವಾರ ಮಾಲಕಿ ಮ್ಯಾಡಮ್ ಗ್ವೆನ್ ಹೇಳಿದ್ದಳು, "ಗುರುವಾರ ಒಂದು ನಿಜವಾದ ಮನೇಲಿ ಇದನ್ನ ಪರೀಕ್ಷೆ ಮಾಡಿ. ಸರಿಬಂದ್ರೆ ಮನೋಂಗ್‌ದು ಏನು ಅಂತ ಆಮೇಲೆ ನೋಡೋಣ." ಆ 'ಆಮೇಲೆ ನೋಡೋಣ' ಎಂಬ ಮಾತನ್ನು ಹೆರ್ಮಿನಿಯಾ ಮೂರು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಇವತ್ತು ಗುರುವಾರ. ಒಬ್ಬ ಮನುಷ್ಯನ ಕಣ್ಣು ಕಿತ್ತು ಫೋನಿನೊಳಗಿಟ್ಟುಕೊಂಡು, ಅವನ ಪಕ್ಕದಲ್ಲೇ ಕೂತು, ಅವನು ಕೊಡಿಸಿದ ಬಾಳೆಹಣ್ಣಿನ ಕರಿದ ತಿಂಡಿ ತಿನ್ನುತ್ತ, ಮೇಲಾಗಿ ಸಂತೋಷಪಡುವವಳನ್ನು ಏನೆಂದು ಕರೆಯಬೇಕು?

ಇದೇ ಮೊದಲಾಗಿದ್ದರೆ ತಾಳಿಕೊಳ್ಳಬಹುದಿತ್ತು. ಹನ್ನೊಂದು ವರ್ಷದ ಹಿಂದೆ ಮಂದುರ್ರಿಯಾವಿನ ಒಂದು ಮನೆಯಂಗಳದಲ್ಲಿ ಬ್ಯಾಂಕಿನಿಂದ ನಿವೃತ್ತನಾದ ಒಬ್ಬ ಗಿರಾಕಿ ಬಿಲ್ಲನ್ನು ಎತ್ತಿ ಹಿಡಿದು, ಏಳು ಜನ ಆಳುಗಳ ಮುಂದೆ ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಕೂಡಿಸಿದ್ದ. ಆರು ಸಾವಿರ ಪೆಸೊ ಹೆಚ್ಚಾಗಿತ್ತು. 'ಇದನ್ನ ಕೂಡಿಸಿದ ಕತ್ತೆ ಯಾರು?' ಎಂದು ಕೇಳಿದ. ಕತ್ತೆ ಅಲ್ಲೇ, ಗಾಡಿಯ ನೆರಳಿನಲ್ಲಿ, ರಸೀದಿ ಪುಸ್ತಕ ಎದೆಗವಚಿಕೊಂಡು ನಿಂತಿತ್ತು. ಆಗ ಪ್ಲಾಸಿದೋ ಟೋಪಿ ತೆಗೆದು 'ನಾನೇ ಸಾರ್' ಅಂದರು. ಆ ತಿಂಗಳು ಅವರ ಸಂಬಳದಲ್ಲಿ ಮುರಿದುಕೊಂಡರು. ಅವರು ಆಮೇಲೆ ಒಂದು ದಿನವೂ ಅದನ್ನು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಎತ್ತದೆ ಬಿಟ್ಟ ಮಾತು ಹನ್ನೊಂದು ವರ್ಷ ಅವಳೊಳಗೆ ಬೆಳೆಯುತ್ತಲೇ ಇತ್ತು. ತಾನು ಈ ಸೂತ್ರಗಳ ಬೆನ್ನು ಹತ್ತಿದ್ದು ಯಾಕೆಂದು ಯಾರಾದರೂ ಕೇಳಿದ್ದರೆ ನಿಜವಾದ ಉತ್ತರ ಅದೇ ಆಗಿತ್ತು: ತಾನಾಗಿ ಕೂಡುವ ಹಾಳೆಯಿದ್ದರೆ ಇನ್ನು ಯಾವ ಅಂಗಳದಲ್ಲೂ ಯಾರೂ ಕತ್ತೆಯಾಗಬೇಕಿಲ್ಲ.

ಮೋಲೋದ ಪ್ಲಾಸಾ ಚೌಕ ದಾಟಿ ಒಂದು ಹಳೆಯ ಕಟ್ಟಡದ ಮುಂದೆ ಗಾಡಿ ನಿಂತಿತು. ಮೂರನೇ ಮಹಡಿಯ ಬಾಗಿಲು ತೆರೆದವನು ಬೊಯೆತ್. ಜನವರಿಯ ದಿನಾಗ್ಯಾಂಗ್ ಹಬ್ಬದಲ್ಲಿ ಬೀದಿ ಕುಣಿತದ ತಂಡಗಳಿಗೆ ವೇಷ ಕಟ್ಟಿಕೊಡುವವನು. ನಲವತ್ತರ ಆಸುಪಾಸು, ಕುತ್ತಿಗೆಗೆ ಟೇಪು, ತಲೆಗೂದಲಲ್ಲಿ ಎರಡು ಗುಂಡುಪಿನ್ನು. ಹೋದ ವರ್ಷ ವೇಷಗಳನ್ನೆಲ್ಲ ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸಬೇಕಾಗಿ ಬಂದು ಬೀದಿಯವರೆಲ್ಲ ಬಾಯಿ ಬಿಟ್ಟು ನೋಡಿದ್ದರಂತೆ. ಈ ಸಲ ಅರೆವಾಲೋದಲ್ಲಿ ನೆಲಮಹಡಿಯ ಶೆಡ್ಡು ಹಿಡಿದಿದ್ದ. "ಬನ್ನಿ ಮನಾಂಗ್, ಬನ್ನಿ ಮನೋಂಗ್, ತಲೆ ಬಗ್ಗಿಸ್ಕೊಂಡ್ ಬನ್ನಿ, ಗರುಡ ಕುಕ್ಕತ್ತೆ," ಎಂದು, ಅಕ್ಕನನ್ನೂ ಅಣ್ಣನನ್ನೂ ಕರೆಯುವ ಹಾಗೆ, ಒಳಗೆ ಕರೆದ.

ಹೆರ್ಮಿನಿಯಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಚಾವಣಿಯಿಂದ ನೆಲದವರೆಗೆ ರೆಕ್ಕೆಗಳು. ಬಿದಿರು ಮತ್ತು ತಂತಿಯ ಹಂದರಕ್ಕೆ ಹೊಲಿದ ಗರಿಗಳು: ಅರಿಶಿನದ ಹಳದಿ, ನವಿಲಿನ ನೀಲಿ, ಹಣ್ಣಾದ ಮಾವಿನ ಕೆಂಪು. ಕಿಟಕಿಯಿಂದ ಗಾಳಿ ಬಂದಾಗ ಇಡೀ ಕೋಣೆ ಉಸಿರೆಳೆದುಕೊಂಡು ಬಿಟ್ಟಿತು. ಒಂದು ಕ್ಷಣ ತಾನು ಯಾಕೆ ಬಂದೆನೆಂಬುದೇ ಅವಳಿಗೆ ಮರೆತುಹೋಯಿತು. ನಂತರ ಫೋನು ತೆಗೆದಳು. ಟೇಪು ಹಿಡಿದು ಒಂದು ರೆಕ್ಕೆ ಅಳೆದಳು: ಎರಡು ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ, ನಲವತ್ತು ಸೆಂಟಿಮೀಟರ್ ದಪ್ಪ. ಅಂಥವು ಎಂಬತ್ತನಾಲ್ಕು. ಹೊಲಿಗೆ ಯಂತ್ರ ಆರು. ಬಟ್ಟೆಯಂಗಡಿಯ ಗೊಂಬೆಗಳು ಒಂಬತ್ತು. ಮಹಡಿ ಮೂರು. ಗಾಡಿಗೆ ಹೆಜ್ಜೆ ಹನ್ನೆರಡು. ಅಷ್ಟು ಹೊತ್ತೂ ಪ್ಲಾಸಿದೋ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ರೆಕ್ಕೆಗಳ ನಡುವೆ ಸುಳಿದಾಡುತ್ತಿದ್ದರು, ಇವಳತ್ತ ನೋಡಲಿಲ್ಲ. ಪಟ್ಟಿ ತುಂಬಿತು. ಒಟ್ಟು ಮೊತ್ತ ತಾನಾಗಿ ಬಂದು ನಿಂತಿತು. ಎರಡು ಸಲ ಓದಿದಳು.

"ಎಷ್ಟು ಮನಾಂಗ್?" ಬೊಯೆತ್ ಕೇಳಿದ.

"ಐವತ್ತೆರಡು ಸಾವಿರದ ಏಳುನೂರು," ಅಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಬೊಯೆತ್‌ಗೆ ಕೇಳಿಸಿತು.

"ಅಯ್ಯೋ ನನ್ನಪ್ಪ! ಮನಾಂಗ್, ನಾನ್ ಹೋಗ್ತಿರೋದು ಅರೆವಾಲೋಗೆ, ಸ್ವರ್ಗಕ್ಕಲ್ಲ! ಅಷ್ಟ್ ದುಡ್ಡು ಕೊಡೋ ಬದ್ಲು ಇವ್ನೆಲ್ಲ ಒಂದೊಂದಾಗಿ ಹಾಕ್ಕೊಂಡು ಹಾರ್ಕೊಂಡೇ ಹೋಗ್ತೀನಿ ಬಿಡಿ." ಹೊಲಿಗೆ ಯಂತ್ರಗಳ ಮುಂದೆ ಕೂತಿದ್ದ ಮೂವರು ಹೆಂಗಸರು ಬಾಯಿಗೆ ಬಟ್ಟೆ ಹಿಡಿದು ನಕ್ಕರು. ಅದು ಕೆಟ್ಟ ನಗುವಲ್ಲ, ಆದರೆ ಹೆರ್ಮಿನಿಯಾಳ ಮೂಗಿನೊಳಗೆ ಸೀಮೆಸುಣ್ಣದ ಪುಡಿ ಹೊಕ್ಕಿತು. ಕಿವಿಯ ತುದಿಗಳು ಕಾದವು. ಇಷ್ಟೇ ಆಗಿತ್ತೇ ನಿನ್ನೆಯ ಸಂತೋಷ? ತಿರುಗಿದವಳನ್ನು ಮತ್ತೆ ಯಾರೋ ಭುಜ ಹಿಡಿದು ಹಲಗೆಯ ಕಡೆ ನಿಲ್ಲಿಸಿದಂತಾಯಿತು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ಬಿಸಿಯ ತಳದಲ್ಲೆಲ್ಲೋ ತಣ್ಣಗೆ ಒಂದು ನೆಮ್ಮದಿಯೂ ಇತ್ತು: ಸರಿಬರಲಿಲ್ಲವಲ್ಲ, ಇನ್ನು ಮನೋಂಗ್‌ನ ಕೆಲಸಕ್ಕೆ ಏನೂ ಆಗುವುದಿಲ್ಲ.

ಪ್ಲಾಸಿದೋ ಗೆದ್ದವರಂತೆ ಕಾಣಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಬಂದು ಫೋನಿನೊಳಗೆ ಇಣುಕಿದರು. "ನಾನಾಗಿದ್ರೆ ಹದಿನೆಂಟು ಸಾವಿರ ಅಂತಿದ್ದೆ. ಇದ್ಯಾಕೆ ಹಿಂಗೆ ಹೇಳ್ತು? ಎಷ್ಟು ಲಾರಿ ಹಾಕಿದೀಯ?"

"ಐದು."

"ಐದಾ! ಇದಕ್ಕೆ? ಎರಡು ಲಾರಿ ಸಾಕಲ್ಲೇ." ಅವರು ಒಂದು ಹಳದಿ ರೆಕ್ಕೆಯನ್ನು ಗೂಟದಿಂದ ಇಳಿಸಿ ನೆಲದ ಮೇಲೆ ಅಂಗಾತ ಮಲಗಿಸಿದರು. ಅದರ ಬೆನ್ನು ಬೋಗುಣಿಯಂತೆ ಬಾಗಿತ್ತು. ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಇನ್ನೊಂದು ರೆಕ್ಕೆ ತಂದು ಅದರೊಳಗೆ ಕೂರಿಸಿದರು. ಅಡಿಗೆಮನೆಯಲ್ಲಿ ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕೂರುವಂತೆ ಅದು ಸದ್ದಿಲ್ಲದೆ ಕೂತಿತು. ಮೂರನೆಯದು. ನಾಲ್ಕನೆಯದು. "ನೋಡು. ಒಂದರೊಳಗೊಂದು."

ಹೆರ್ಮಿನಿಯಾ ನೋಡುತ್ತ ನಿಂತಳು. ಮೂರು ತಿಂಗಳು ಅವರು ಆಡಿದ ಮಾತೆಲ್ಲ ಬರೆದುಕೊಂಡಿದ್ದಳು. ಅವರು ಕುರ್ಚಿಯ ಮೇಲೆ ಕುರ್ಚಿ, ಬಕೆಟ್ಟಿನೊಳಗೆ ಬಕೆಟ್ಟು ಇಡುವಾಗ ಮಾತಾಡುತ್ತಿರಲಿಲ್ಲ, ಆ ಹೊತ್ತಿನಲ್ಲಿ ಇವಳು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದಳು. "ಇದನ್ನ ನೀವು ಹೇಳ್ಲೇ ಇಲ್ಲವಲ್ಲ ಮನೋಂಗ್!"

"ಇದನ್ನೂ ಹೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ವೇ. ಅದಕ್ಕೆ ಇಷ್ಟೂ ಗೊತ್ತಿಲ್ಲ ಅಂತ ನಂಗೇನ್ ಗೊತ್ತು?" ಎಂದವರು, ಯಾರೋ ಮನೆಗೆ ಬಂದ ಪರಸ್ಥಳದವನ ಬಗ್ಗೆ ಮರುಗುವಂತೆ ಫೋನನ್ನು ನೋಡಿದರು. ಆಮೇಲೆ ಸಹಜವಾಗಿ, "ಮಿಕ್ಕಿದ್ದೆಲ್ಲ ಬಿಡಿಸಿ ಬಿಡಿಸಿ ಹೇಳಿದ್ನಲ್ಲ. ಫೈಲಿಗಂತೆ ಫೈಲಿಗೆ! ಕಪಾಟಿನ ಕಥೆ ಕೇಳೋ ಫೈಲು ಯಾವುದೇ? ನೀನು ಬರ್ಕೊಳ್ಳೋದು ಹಿಂದೆ ಬೀಳ್ಬಾರ್ದು ಅಂತ ನಾನು ಪಾದ್ರಿ ತರ ನಿಧಾನವಾಗಿ ಮಾತಾಡಿ ಮಾತಾಡಿ, ನನ್ ಹೆಂಡ್ತಿ ಮನೇಲಿ ನಿಮ್ಗೇನಾಯ್ತು ಅಂತ ಕೇಳೋಕೆ ಶುರು ಮಾಡಿದ್ಳು."

ಹೆರ್ಮಿನಿಯಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಪ್ಲಾಸಿದೋ ಬಂದು ಒಂದು ಮೆಟ್ಟಿಲು ಕೆಳಗೆ ಕೂತು ಮೊಣಕಾಲು ನೀವಿಕೊಂಡರು. "ನೀವು ಬೇಡ ಅನ್ಬಹುದಿತ್ತು," ಅಂದಳು.

"ಬೇಡ ಅನ್ನೋದಾ? ನಾನೇ ಗ್ವೆನ್ ಹತ್ರ ಹೋಗಿ ಕೇಳಿದ್ದು! ಈಸ್ಟರ್ ಹಬ್ಬಕ್ಕೂ ಮುಂಚೆ. ಬೆಲೆ ಹೇಳೋ ಕೆಲ್ಸ ಸಾಕಮ್ಮ, ಸಾಮಾನು ಕಟ್ಟೋ ಕೆಲ್ಸ ಕೊಡು ಅಂತ. ಬೆಲೆಗೆ ಏನ್ ಮಾಡೋದು ಅಂದ್ಳು. ನಮ್ ಇಂದಾಯ್‌ಗೆ ಕೇಳಿ ನೋಡು, ಅವ್ಳ ತಲೆ ಓಡತ್ತೆ ಅಂದೆ." ಅವರು ಅವಳ ಕಡೆ ತಿರುಗಿ ಕೂತರು. "ನೋಡೇ, ಆಳುಗಳು ಒಂದ್ ಮನೆಗೆ ಹೋದ್ರೆ ಮನೆಯವ್ರು ಪನ್ಸಿತ್ ನೂಡಲ್ಸ್ ಮಾಡಿ ಹಾಕ್ತಾರೆ, ತಂಪಾಗಿರೋದು ಕುಡಿಯಕ್ಕೆ ಕೊಡ್ತಾರೆ, ಹೆಸರು ಕೇಳ್ತಾರೆ. ನಂಗೆ? ನಾನು ಬಾಯಿ ಬಿಟ್ಟು ಬೆಲೆ ಹೇಳಿದ್ ತಕ್ಷಣ ಮುಖ ಇಳಿಯತ್ತೆ. ಒಂದ್ ಲೋಟ ನೀರು. ಅದೂ ಬಾಗ್ಲಲ್ಲೇ. ಹತ್ತೊಂಬತ್ತು ವರ್ಷದಲ್ಲಿ ಎಷ್ಟ್ ಮನೆ ಹೊಕ್ಕಿದೀನಿ, ಎಲ್ಲೂ ಕೂತು ಒಂದ್ ತುತ್ತು ತಿಂದಿಲ್ಲ. ಒಳ್ಳೇ ಅಡಿಗೆ ವಾಸನೆ ಬಂದ್ರೂ ನಾನು ಬೆಲೆ ಹೇಳೋನು. ಇನ್ಮೇಲೆ ಬೈಗುಳ ಬಿದ್ರೆ ನಿನ್ ಫೋನಿಗೆ ಬೀಳ್ಲಿ, ಅದಕ್ಕೇನು ಹೊಟ್ಟೆ ಹಸಿಯಲ್ವಲ್ಲ."

'ಆಮೇಲೆ ನೋಡೋಣ' ಎಂಬ ಮಾತು ಮೂರು ದಿನದ ನಂತರ ಹೊಟ್ಟೆಯೊಳಗೆ ಮಗ್ಗುಲು ಬದಲಿಸಿ ಬೇರೆಯೇ ಮುಖ ತೋರಿಸಿತು. ಅವಳಿಗೆ ಅಳು ಬರುವುದೋ ನಗು ಬರುವುದೋ ತಿಳಿಯದ ಆ ಸ್ಥಿತಿಯಲ್ಲಿ ಹನ್ನೊಂದು ವರ್ಷದ ಮಾತೂ ಹಿಂದೆಮುಂದೆ ನೋಡದೆ ಹೊರಬಿತ್ತು. "ಮನೋಂಗ್, ಮಂದುರ್ರಿಯಾವಿನ ಮನೆ. ಆರು ಸಾವಿರ. ಅದನ್ನ ಕೂಡಿಸಿದ್ದು ನಾನು. ನಾನು ಸುಮ್ನೆ ನಿಂತಿದ್ದೆ."

"ಯಾವ ಆರು ಸಾವಿರ?"

"ಬ್ಯಾಂಕಿನವ್ರು. ಕತ್ತೆ ಅಂದ್ರಲ್ಲ. ನೀವು ಟೋಪಿ ತೆಗೆದು..."

ಪ್ಲಾಸಿದೋ ಬಹಳ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ನೋಡಿದರು. ತಲೆ ಕೆರೆದುಕೊಂಡರು. "ಬ್ಯಾಂಕಿನವ್ರು... ಎರಡು ನಾಯಿ ಇದ್ವಲ್ಲ, ಅವ್ರಾ?"

"ನಾಯಿ ಇರ್ಲಿಲ್ಲ ಮನೋಂಗ್."

"ಹಂಗಾದ್ರೆ ನಂಗೊತ್ತಿಲ್ಲಮ್ಮ. ನನ್ನ ಕತ್ತೆ ಅಂದವ್ರು ಒಬ್ರಾ ಇಬ್ರಾ, ಎಲ್ಲಾ ನೆನಪಿಟ್ಕೊಳ್ಳಕ್ಕೆ ನಾನೇನು ನಿನ್ ಹಾಳೇನಾ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿ ಮರೆತಿದ್ದರು. ತಾನು ರಾತ್ರಿ ಹಗಲು ಉಣಿಸಿ ಬೆಳೆಸಿದ ಆ ಅಂಗಳ, ಆ ಬಿಸಿಲು, ಆ ಏಳು ಜನ ಆಳುಗಳು ಅವರ ಲೋಕದಲ್ಲಿ ಎಲ್ಲೂ ಇರಲಿಲ್ಲ. ಒಂದು ಗಳಿಗೆ ಅವಳಿಗೆ ಅವಮಾನವೇ ಆಯಿತು, ಹೊತ್ತು ತಂದ ಕಾಣಿಕೆಯನ್ನು ಯಾರೂ ಬಿಚ್ಚಿ ನೋಡದಿದ್ದರೆ ಆಗುವಂಥ ಅವಮಾನ. ಮರುಗಳಿಗೆಗೆ ನಗು ಬಂತು. ಅದು ಹೊಟ್ಟೆಯಿಂದ ಹೊರಟು, ಬೆಳಗಿನಿಂದ ಮುಖದಲ್ಲಿ ಜಾಗ ಸಿಗದೆ ಅಲೆದಾಡುತ್ತಿದ್ದ ಸಂತೋಷದ ಜೊತೆ ಸೇರಿ, ಮೂರು ಮಹಡಿಯ ಮೆಟ್ಟಿಲಲ್ಲೂ ಮೊಳಗಿತು. ಪ್ಲಾಸಿದೋಗೆ ಕಾರಣ ತಿಳಿಯದಿದ್ದರೂ ಅವರೂ ನಕ್ಕರು. "ಹಲ್ಲುನೋವು ಹೋಯ್ತಲ್ಲ," ಅಂದರು.

ಅವಳು ಫೋನನ್ನು ಮೊಣಕಾಲ ಮೇಲಿಟ್ಟುಕೊಂಡು ಹಾಳೆ ತೆರೆದಳು. "ಮನೋಂಗ್, ಒಂದರೊಳಗೊಂದು ಕೂತ್ರೆ ಪ್ರತಿ ರೆಕ್ಕೆಗೂ ಎಷ್ಟು ಎತ್ತರ ಏರತ್ತೆ?"

"ನಾಲ್ಕು ಬೆರಳು."

"ಕೈ ಕೊಡಿ." ಟೇಪು ಹಿಡಿದು ಅವರ ನಾಲ್ಕು ಬೆರಳು ಅಳೆದಳು. ಗಂಟುಗಂಟಾದ, ಹಗ್ಗದ ಗುರುತು ಅಳಿಯದ ಬೆರಳುಗಳು. ಎಂಟು ಸೆಂಟಿಮೀಟರ್. ನಲವತ್ತರಲ್ಲಿ ಎಂಟು: ಐದರಲ್ಲೊಂದು. ಮೊದಲನೆಯದು ಪೂರ್ತಿ, ಉಳಿದದ್ದೆಲ್ಲ ಐದರಲ್ಲೊಂದು ಪಾಲು. "ಒಂದರ ಮೇಲೊಂದು ಎಷ್ಟು ಇಡ್ಬಹುದು?" "ಹನ್ನೆರಡು. ಅದ್ರ ಮೇಲೆ ಇಟ್ರೆ ತಳದ್ದರ ಗರಿ ಅಪ್ಪಚ್ಚಿ." ಹನ್ನೆರಡು. ಹೊಸ ಚೌಕ ಮಾಡಿದಳು, ಸೂತ್ರ ತಿದ್ದಿದಳು, ಆವರಣಚಿಹ್ನೆ ಒಂದು ಬಿಟ್ಟುಹೋಗಿ ಹಾಳೆ ಕೆಂಪಗಾಯಿತು, ಹಾಕಿದಳು. ಕೆಂಪು ಹೋಯಿತು. ಮೇಲಿನ ತುದಿಯ ಹಗ್ಗ ಎಳೆದಂತೆ ಸಾಲುಸಾಲಾಗಿ ಅಂಕಿಗಳು ಅಲುಗಿದವು, ಲಾರಿ ಐದು ಇದ್ದದ್ದು ಎರಡಾಯಿತು, ತಳದಲ್ಲಿ ಬಂದು ನಿಂತಿತು: ಹದಿನೆಂಟು ಸಾವಿರದ ಇನ್ನೂರು.

ಪ್ಲಾಸಿದೋ ಕನ್ನಡಕ ಹಾಕಿಕೊಂಡು ನೋಡಿದರು. "ಇನ್ನೂರು ನಂಗಿಂತ ಜಾಸ್ತಿ. ಹ್ಞೂಂ. ಆ ಗೊಂಬೆಗಳ್ನ ನಾನು ಸರಿಯಾಗಿ ಎಣಿಸ್ಲಿಲ್ಲ, ನಿಜ. ಬಟ್ಟೆ ಇಲ್ದೆ ನಿಂತಿದ್ವು, ಆ ಕಡೆ ನೋಡ್ಲಿಲ್ಲ."

ಒಳಗೆ ಹೋಗಿ ಬೊಯೆತ್‌ಗೆ ಬೆಲೆ ಹೇಳಿದ್ದು ಹೆರ್ಮಿನಿಯಾ. ಈ ಸಲ ಅವಳ ದನಿ ಅವಳಿಗೆ ಕೇಳಿಸಿತು. ಅವನು ಸೊಂಟದ ಮೇಲೆ ಕೈಯಿಟ್ಟು, "ಇದು ಮನೋಂಗ್ ಹೇಳಿದ್ದಾ, ಫೋನ್ ಹೇಳಿದ್ದಾ?" ಎಂದ.

"ನಾನಲ್ಲಪ್ಪ," ಪ್ಲಾಸಿದೋ ಎರಡೂ ಕೈ ಎತ್ತಿದರು. "ನಂಗೂ ಬೆಲೆಗೂ ಸಂಬಂಧವೇ ಇಲ್ಲ. ನಾನು ಸಾಮಾನು ಕಟ್ಟೋನು."

ಬಿಲ್ಲು ತಾನಾಗಿ ಹೋಗಿ ಬೊಯೆತ್‌ನ ಜೇಬಿನಲ್ಲಿ ಕುಯ್ಯೆಂದಿತು. ಅವನು ಓದಿದ, ಸಾಲು ಸಾಲು ಬೆರಳಿಟ್ಟು ನೋಡಿದ, ಗೊಂಬೆಗಳ ಸಾಲಿಗೆ ಬಂದು ನಕ್ಕು, ಸರಿ ಎಂದು ಒತ್ತಿದ. ಹೊಲಿಗೆಯ ಹೆಂಗಸರಲ್ಲೊಬ್ಬಳು ಆಗಲೇ ಮೇಜಿನ ಮೇಲಿನ ಗರಿಗಳನ್ನು ಸರಿಸಿ ಸೂಪಿನ ಪಾತ್ರೆ ತಂದಿಟ್ಟಿದ್ದಳು. ಹಂದಿಮಾಂಸ ತುಂಬಿದ ಹಿಟ್ಟಿನ ಕಡುಬುಗಳು ಹುರಿದ ಬೆಳ್ಳುಳ್ಳಿಯ ಘಮದಲ್ಲಿ ತೇಲುತ್ತಿದ್ದವು. "ಕೂತ್ಕೊಳ್ಳಿ ಮನೋಂಗ್, ನಿಮ್ ಹೆಸರೇನು?" ಎಂದು ಅವಳು ಕೇಳಿದಾಗ ಪ್ಲಾಸಿದೋ ಟೋಪಿ ತೆಗೆದು, ಕೂದಲು ಸವರಿಕೊಂಡು, ಮದುವೆಗೆ ಬಂದ ಬೀಗರಂತೆ ನೆಟ್ಟಗೆ ಕೂತು, ಅಪ್ಪನ ಹೆಸರು ಸಮೇತ ಹೇಳಿದರು. ಮೂರು ಬಟ್ಟಲು ಕುಡಿದರು.

ಮೂರನೆಯ ಬಟ್ಟಲಿನ ನಡುವೆ ಅವರಿಗೆ ಇದ್ದಕ್ಕಿದ್ದಂತೆ ಹೊಳೆಯಿತು. "ಇಂದಾಯ್! ಹನ್ನೆರಡರ ಕಟ್ಟು ಈ ಮೆಟ್ಟಿಲ ತಿರುವಲ್ಲಿ ಹೋಗಲ್ಲ. ಒಂದೊಂದಾಗಿ ಇಳಿಸಿ ಕೆಳಗೇ ಜೋಡಿಸ್ಬೇಕು. ಒಂದು ರೆಕ್ಕೆ ಇಳಿಯಕ್ಕೆ ಎಷ್ಟ್ ಹೊತ್ತು, ಎಷ್ಟ್ ಮೆಟ್ಟಿಲು, ಅದೂ ಬೇಕಲ್ಲ ನಿನ್ ಹಾಳೆಗೆ?"

"ಬೇಕು."

"ಇದನ್ನ ಕೈಯಲ್ಲಿ ಹಿಡ್ಕೊಂಡು ಇಳಿಯಕ್ಕಾಗಲ್ಲ ಮನಾಂಗ್, ಹಾಕ್ಕೊಂಡೇ ಇಳೀಬೇಕು," ಎಂದ ಬೊಯೆತ್, ಅವಳು ಏನನ್ನೂ ಹೇಳುವ ಮೊದಲೇ ಅವಳ ಭುಜಗಳಿಗೆ ಪಟ್ಟಿ ಏರಿಸಿ, ಎದೆಯ ಮೇಲೆ ಕೊಂಡಿ ಹಾಕಿದ. ನವಿಲುನೀಲಿಯದು. ಅದು ಇಷ್ಟು ಹಗುರವಾಗಿರುತ್ತದೆಂದು ಅವಳು ಎಣಿಸಿರಲಿಲ್ಲ. ತಿರುವಿನಲ್ಲಿ ಪಕ್ಕಕ್ಕೆ ತಿರುಗಿದಳು, ರೆಕ್ಕೆಯ ಎಡತುದಿಯನ್ನು ಕಿಟಕಿಯ ಸಂದಿಯಿಂದ ಹೊರಗೆ ಬಿಟ್ಟು ಬಲತುದಿಯನ್ನು ಒಳಗೆಳೆದುಕೊಂಡಳು, ಎರಡನೇ ಮಹಡಿಯ ಮುದುಕಿ ಬಾಗಿಲು ತೆರೆದವಳು ಶಿಲುಬೆಯ ಗುರುತು ಮಾಡಿಕೊಂಡಳು. ಕೆಳಬಾಗಿಲಿನಿಂದ ಬೀದಿಗೆ ಕಾಲಿಟ್ಟಾಗ ಮಟಮಟ ಮಧ್ಯಾಹ್ನ. ಕೆಳಗಿನ ಗಾಳಿ ಬಂದು ಗರಿಗಳೊಳಗೆ ಹೊಕ್ಕು ಅವಳನ್ನು ಅರ್ಧ ಹೆಜ್ಜೆ ಮೇಲಕ್ಕೆತ್ತಿದಂತಾಯಿತು. ಜನ ತುಂಬಿಕೊಂಡ ಜೀಪ್ನಿ ಬಸ್ಸೊಂದು ನಿಂತೇಬಿಟ್ಟಿತು; ಚಾಲಕ ಉದ್ದಕ್ಕೆ ಹಾರನ್ ಒತ್ತಿದ; ಒಳಗೆ ಕೂತಿದ್ದವರು ಕಿಟಕಿಯಿಂದ ಬಗ್ಗಿ, ಹಬ್ಬ ಐದು ತಿಂಗಳು ಮೊದಲೇ ಬಂತೆಂದು ಕೂಗುತ್ತ ಚಪ್ಪಾಳೆ ತಟ್ಟಿದರು. ಎಲ್ಲರ ಕಣ್ಣೂ ತನ್ನ ಬೆನ್ನ ಮೇಲಿರುವುದು ಅವಳಿಗೆ ಗೊತ್ತಿತ್ತು. ಅವಳು ಬೇಕೆಂದೇ ಒಂದು ಸುತ್ತು ತಿರುಗಿದಳು.

"ಎಷ್ಟಾಯ್ತೇ ಮೆಟ್ಟಿಲು?" ಮೂರನೇ ಮಹಡಿಯ ಕಿಟಕಿಯಿಂದ, ಕೈಯಲ್ಲಿ ಬಟ್ಟಲು ಹಿಡಿದು, ಪ್ಲಾಸಿದೋ ಕೂಗಿದರು.

"ಎಣಿಸ್ಲಿಲ್ಲ ಮನೋಂಗ್!" ಎಂದು ಅವಳು ಬೀದಿಯ ನಡುವಿನಿಂದ ಕೂಗಿದಳು. "ಇನ್ನೊಂದ್ ಸಲ ಇಳೀತೀನಿ!"